ಹಿಂದೆ ಸರಿಯುವ ಕೂಸಪ್ಪ

ಕೂಸಪ್ಪ ಕೆಲಸದ ಜಾಗಕ್ಕೆ ಕಾಲಿಟ್ಟರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ನೋಡಿದವರು ಯಾರೋ ಸಾಹೇಬರು ಅಂದುಕೊಳ್ಳುವರು. ಸಾಹೇಬಗಿರಿ ಏನೂ ಇರಲಿಲ್ಲ. ಕೈ ಬಿಟ್ಟರೆ ಅದು ತಾನಾಗಿ ಮುಂದೆ ಹೋಗಿ ಇನ್ನೊಬ್ಬರ ಕೆಲಸ ಮುಗಿಸಿಬಿಡುತ್ತದೆ ಎಂಬ ಭಯ, ಅಷ್ಟೇ. ಕಡಲಾಚೆಯ ಈ ಊರಿನ ಸೆಂಬವಾಂಗ್ ಹಡಗುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಮಾಡಿದ ಕೈ. ಸುಮ್ಮನಿರುವುದು ಅದಕ್ಕೆ ಗೊತ್ತಿರಲಿಲ್ಲ.

ಆ ಕೆಲಸ ಬಿಟ್ಟ ಮೇಲೆ ಅವರು ಜಾಬ್ ಕೋಚ್ ಆದರು. ಆಟಿಸಂ ಇರುವವರು, ಕಲಿಯುವುದು ನಿಧಾನವಾದವರು ಶಾಲೆ ಮುಗಿಸಿ ಬಂದಾಗ ಅವರಿಗೊಂದು ಕೆಲಸ ಹುಡುಕಿ, ಪಕ್ಕದಲ್ಲಿ ನಿಂತು ಕಲಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ದೂರವಾಗುವುದು ಆ ಕೆಲಸ. ಮೊದಲು ಮೊಣಕೈ ಹತ್ತಿರ, ಆಮೇಲೆ ಕಂಬದ ಹತ್ತಿರ, ಆಮೇಲೆ ಬಾಗಿಲಲ್ಲಿ, ಕೊನೆಗೆ ಎಲ್ಲಿಯೂ ಇಲ್ಲ. ಮುಖ ಕೆಲಸಗಾರನ ಕಡೆಗೇ ಇಟ್ಟು ಹಿಂದೆ ಹಿಂದೆ ನಡೆದೂ ನಡೆದೂ ಅವರ ನಡಿಗೆಯೇ ಹಾಗಾಗಿತ್ತು. ಲಿಫ್ಟಿನೊಳಗೂ ಬೆನ್ನು ಮೊದಲು ಹೋಗುತ್ತಿತ್ತು. ನಮ್ಮ ಬ್ಲಾಕಿನ ಮಕ್ಕಳು ‘ರಿವರ್ಸ್ ಅಂಕಲ್’ ಎಂದು ಕರೆಯುತ್ತಿದ್ದರು. ಹಡಗೂ ಹಿಂದಿನಿಂದಲೇ ನೀರಿಗಿಳಿಯುವುದು ಎಂದು ಇವರು ಅವಕ್ಕೆ ಸಮಾಧಾನವಾಗಿ ಹೇಳುವರು.

ಮಾತು ಕಡಿಮೆ. ಒಂದು ಕೆಲಸ ಸರಿಯಾಗಿ ಮುಗಿದರೆ ‘ಹ್ಞಾಂ’ ಅನ್ನುವರು. ದೋಸೆ ತಟ್ಟೆಗೆ ಬಿದ್ದರೂ ಹ್ಞಾಂ, ಬಸ್ಸು ಬಂದರೂ ಹ್ಞಾಂ. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಹೊಗಳಿಕೆಯೂ ಅದೇ.

ಈ ಹ್ಞಾಂ ಋಷಿಯ ಕೆಲಸಕ್ಕೇ ಕುತ್ತು ತಂದಿತು.

ಋಷಿಗೆ ಇಪ್ಪತ್ತಮೂರು. ಆಟಿಸಂ. ಶಾಲೆ ಮುಗಿದು ನಾಲ್ಕು ವರ್ಷ ಮನೆಯ ಸೋಫಾದಲ್ಲಿ ಕೂತಿದ್ದ. ಬುಕಿತ್ ಬಾಟೋಕ್‌ನ ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಟವಲ್ ಮಡಚುವ ಕೆಲಸ ಸಿಕ್ಕಿತು. ಮೂರು ತಿಂಗಳ ಟ್ರಯಲ್. ಕೂಸಪ್ಪ ಪಕ್ಕದಲ್ಲಿದ್ದಷ್ಟು ದಿನ ಅವನ ಮಡಿಕೆ ನೂಲು ಹಿಡಿದ ಹಾಗಿತ್ತು. ಅವರು ಬಾಗಿಲಿಗೆ ಸರಿದದ್ದೇ ತಡ, ಕೆಲಸ ನಿಂತಿತು. ಒಂದು ಟವಲ್ ಮಡಚುವನು, ಎದೆಗೆ ಹಿಡಿದು ನಿಲ್ಲುವನು. ಕೆಳಗಿಡನು. ಸೂಪರ್‌ವೈಸರ್ ಹೆಂಗಸು ಕೆಟ್ಟವಳಲ್ಲ. ಆದರೂ ಶುಕ್ರವಾರದೊಳಗೆ ಸರಿಹೋಗದಿದ್ದರೆ ಇಟ್ಟುಕೊಳ್ಳಲಾಗದು ಎಂದಳು.

ಋಷಿಯ ತಾಯಿ ಶ್ರೀವಿದ್ಯಾ ನಮ್ಮ ಮನೆಗೇ ಬಂದರು. “ಅಂಕಲ್, ಅವರು ನೋ ಅಂದ್ರೆ ಇವನು ಮತ್ತೆ ಆ ಸೋಫಾಗೇ ವಾಪಸ್. ಈಗ ಬೆಳಿಗ್ಗೆ ತಾನೇ ಎದ್ದು ಶೂಸ್ ಹಾಕ್ಕೋತಾನೆ, ಗೊತ್ತಾ?”

ಆಕೆ ಹೋದ ಮೇಲೆ ಕೂಸಪ್ಪ ಊಟಕ್ಕೆ ಕೂತರು. ನಾನು ಬಡಿಸಿದ ಗಂಜಿಗೆ ಹ್ಞಾಂ ಎಂದರು. ಎಂದವರ ಕೈ ಅಲ್ಲೇ ನಿಂತಿತು.

“ಅವ ನನ್ನ ಹ್ಞಾಂಗೆ ಕಾಯ್ತಾ ಇದ್ದಾನೆ ಮಾರಾಯ್ತಿ. ಟವಲ್ ಮಡಚುದು ಐದು ಸ್ಟೆಪ್ ಅಂತ ಬರೆದು ಕೊಟ್ಟೆ. ಆರನೇದು ನಾನೇ ಕಲಿಸಿಬಿಟ್ಟೆ.”

ಬೇರೆಯವರಾದರೆ ತಪ್ಪನ್ನು ಹುಡುಗನ ಮೇಲೆ ಹಾಕುತ್ತಿದ್ದರು. ಇವರು ರಿಪೋರ್ಟಿನಲ್ಲಿ ‘ಕೋಚ್‌ನ ತಪ್ಪು’ ಎಂದು ಬರೆದರು. ಮರುದಿನ, ಮಂಗಳವಾರ, ಮತ್ತೆ ಋಷಿಯ ಪಕ್ಕಕ್ಕೇ ಹೋಗಿ ನಿಂತರು, ಬಾಯಿ ಬಿಡದಿರಲೆಂದು ಲವಂಗ ಕಚ್ಚಿಕೊಂಡು. ಋಷಿ ಟವಲ್ ಹಿಡಿದು ನಿಂತ, ಇವರೂ ನಿಂತರು. ಒಂದೊಂದು ಸಲ ಏಳು ನಿಮಿಷ. ಪಕ್ಕದ ಮೇಜಿನ ಮಲಯ್ ಹೆಂಗಸು ಕನಿಕರಪಟ್ಟು ಕೈ ಚಾಚಿದರೆ ಬೇಡವೆಂದು ತಲೆಯಾಡಿಸಿದರು. ಎರಡು ದಿನ ಹಾಗೇ ಹೋಯಿತು. ಬೆನ್ನ ಹಿಂದೆ ಬಿಗಿಹಿಡಿದ ಇವರ ಅಂಗೈಗೆ ಉಗುರು ನಾಟಿದ ಗುರುತನ್ನು ನಾನು ಸಂಜೆ ಕಂಡೆ.

ಗುರುವಾರ, ಊಟದ ಬೆಲ್ಲಿಗೆ ಸ್ವಲ್ಪ ಮೊದಲು, ಋಷಿ ತಾನೇ ಮೆಲ್ಲಗೆ ಹ್ಞಾಂ ಎಂದು ಟವಲ್ ಕೆಳಗಿಟ್ಟ. ಇನ್ನೊಂದನ್ನು ಎತ್ತಿಕೊಂಡ. ಸಂಜೆಯ ಹೊತ್ತಿಗೆ ಆ ಮಲಯ್ ಹೆಂಗಸೂ ತನ್ನ ಮೇಜಿನಲ್ಲಿ ಹ್ಞಾಂ ಅನ್ನುತ್ತಿದ್ದಳಂತೆ.

ಶುಕ್ರವಾರ ಸೂಪರ್‌ವೈಸರ್ ನೋಡಲು ಬಂದಳು. ಬಾಗಿಲ ಹೊರಗೆ ಇರಬೇಕಾದ ಕೂಸಪ್ಪ ಆಸೆ ತಡೆಯದೆ ಎರಡು ಹೆಜ್ಜೆ ಒಳಗೆ ಬಂದರು. ಋಷಿ ತಲೆಯೆತ್ತಿ ಕೈ ಬೀಸಿದ.

“ಅಂಕಲ್, ಅಲ್ಲಿ ನಿಲ್ಬೇಡಿ ಲಾ. ಟ್ರಾಲಿ ಬರತ್ತೆ.”

ಸೂಪರ್‌ವೈಸರಿಗೆ ಕನ್ನಡ ಬರದು; ಇಲ್ಲಿಯವರ ಮಾತಿನ ಬಾಲವಾದ ಆ ‘ಲಾ’, ಬೀಸಿದ ಕೈ ಅರ್ಥವಾದವು. ನಕ್ಕು ಕಾಗದಕ್ಕೆ ಸಹಿ ಹಾಕಿದಳು. ಇದನ್ನು ಇವರು ಮನೆಗೆ ಬಂದು ನನಗೆ ನಾಲ್ಕು ಸಲ ಹೇಳಿದರು. ತನ್ನನ್ನು ಹೊರಗೆ ಕಳಿಸಿದ ಮಾತನ್ನು ಅಷ್ಟು ಸಂತೋಷದಿಂದ ಹೇಳಿಕೊಂಡ ಮನುಷ್ಯರನ್ನು ನಾನು ಬೇರೆ ಕಂಡಿಲ್ಲ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಮಣ್ಣಿಗೆ ಋಷಿ ಬರಲಿಲ್ಲ. ಅವನಿಗೆ ಡ್ಯೂಟಿ ಇತ್ತು. ಶ್ರೀವಿದ್ಯಾ ಸಂಕೋಚಪಟ್ಟರು. ನಾನು ಪಡಲಿಲ್ಲ.

ಲೋಕದಲ್ಲಿ ಇಂಥವರು ಕೆಲವರಿದ್ದಾರೆ. ಕೆಲಸ ಕೆಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತಾರೆ. ಸರಿಹೋದ ದಿನ ಶಾಲು ಹೊದಿಸೋಣವೆಂದು ಹುಡುಕಿದರೆ ಸಿಗುವುದಿಲ್ಲ. ಅವರು ನಿಂತಿದ್ದ ಜಾಗದಲ್ಲಿ ಟ್ರಾಲಿ ಓಡಾಡುತ್ತಿರುತ್ತದೆ.