ಆರೋ ಒಂಬತ್ತೋ

ನಾನು ಒಂದು ಅಂಕೆ. ಚರ್ಚಿನ ಬೆಂಚು ಮಾಡಿ ಉಳಿದ ಹಲಸಿನ ಮರದಲ್ಲಿ ಆಚಾರಿ ನನ್ನನ್ನು ಅಂಗೈಯಗಲಕ್ಕೆ ಕೊಯ್ದು, ಮೇಲೆ ಕೆಂಪು ಬಣ್ಣದಲ್ಲಿ ಬರೆದ. ಹೀಗೆ ತೂಗಿಸಿದರೆ ಆರು, ತಲೆಕೆಳಗೆ ಮಾಡಿದರೆ ಒಂಬತ್ತು. ಅವನಿಗೆ ಮರ ಉಳಿಯಿತು, ಫಜೀತಿ ನನ್ನ ಪಾಲಿಗೆ ಬಂತು.

ಭಾನುವಾರ ಇಡೀ ಸಭೆ ಮೊದಲು ಹಾಡಿನ ಸಂಖ್ಯೆ ತೂಗಿಸುವ ಗೋಡೆಯ ಹಲಗೆಯಲ್ಲಿ ನನ್ನ ಮುಖ ನೋಡಿ, ಆಮೇಲೆ ಹಾಡಿನ ಪುಸ್ತಕ ತೆರೆಯುತ್ತಿತ್ತು. ದೇವರನ್ನು ಯಾವ ಹಾಡಿನಿಂದ ಸ್ತುತಿಸಬೇಕೆಂದು ಹೇಳುವವನು ನಾನೇ! ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಜಂಬ ಇಳಿದದ್ದು ಐರಿನ್ ಮದುವೆಯ ದಿನ. ಹುಡುಗಿಯ ಅಪ್ಪ ತೀರಿಹೋಗಿ ತಿಂಗಳಾಗಿತ್ತಷ್ಟೆ. ಗೊತ್ತಾದ ಮದುವೆ ನಿಲ್ಲಬಾರದೆಂದು ತಾಯಿ ಸಲೋಮಿಯಮ್ಮ ಹಟ ಹಿಡಿದಿದ್ದರು. ಮದುಮಗನ ಸೋದರತ್ತೆ ಎಸ್ತೇರಮ್ಮನಿಗೆ ಅದು ಸುತರಾಂ ಇಷ್ಟವಿಲ್ಲ. "ಇನ್ನೊಂದು ಅಪಶಕುನ ಆದರೆ ನಮ್ಮ ಹುಡುಗನನ್ನು ಕರ್ಕೊಂಡು ಹೋಗ್ತೇನೆ, ನೋಡಿ" ಎಂದು ಬಾಗಿಲಲ್ಲೇ ಹೇಳಿ ಒಳಗೆ ಬಂದಿದ್ದರು.

ಮದುವೆಗೆ ಆರಿಸಿದ ಹಾಡು ನೂರ ಇಪ್ಪತ್ತಾರು. ಚರ್ಚು ನೋಡಿಕೊಳ್ಳುವ ಲಾಜರಣ್ಣ ಹೂಮಾಲೆಯ ಗಡಿಬಿಡಿಯಲ್ಲಿ ನನ್ನನ್ನು ತಲೆಕೆಳಗೆ ಸಿಕ್ಕಿಸಿ ಓಡಿದ. ನೂರ ಇಪ್ಪತ್ತೊಂಬತ್ತು! ಅಯ್ಯೋ ದೇವರೇ, ಅದು ಸತ್ತವರನ್ನು ಮಣ್ಣಿಗಿಡುವಾಗ ಹಾಡುವ ಹಾಡು. ಬಾಯಿಲ್ಲದ ಮರ ನಾನು, ಏನು ಮಾಡಲಿ? ಗಾಳಿಗಾದರೂ ಕೆಳಗೆ ಬೀಳಬಾರದೇ ಎಂದು ಮೊಳೆಯಲ್ಲೇ ಒದ್ದಾಡಿದೆ. ಗಾಳಿ ಬೀಸಲಿಲ್ಲ.

ಮದುವೆ ನಡೆಸುವ ಅಯ್ಯನವರು ನನ್ನತ್ತ ನೋಡಿ ಅದೇ ಸಂಖ್ಯೆ ಓದಿದರು. ಹಾರ್ಮೋನಿಯಂ ಶುರುವಾಯಿತು. ಸಭೆ ಒಂದು ಸಾಲು ಹಾಡಿ ಗಕ್ಕನೆ ನಿಂತಿತು.

ಎಸ್ತೇರಮ್ಮ ಎದ್ದೇಬಿಟ್ಟರು. "ಸಾವಿನ ಹಾಡು! ನಾನು ಹೇಳಲಿಲ್ವಾ? ಬಾ ಮಗಾ, ಹೋಗುವ."

ಮದುಮಗ ಅತ್ತೆಯನ್ನು ನೋಡಿದ, ಐರಿನಳನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದೂಬಿಟ್ಟ. ಕೆಟ್ಟೆ, ಒಂದು ಮನೆ ಮುರಿದೆ ಅಂದುಕೊಂಡೆ ನಾನು.

ಆಗ ಮುಂದಿನ ಬೆಂಚಿನಿಂದ ಎರಡನೆಯ ಸಾಲು ಕೇಳಿಸಿತು. ಸಲೋಮಿಯಮ್ಮ! ಗಂಡನ ಸಮಾಧಿಯ ಹತ್ತಿರ ಇದೇ ಹಾಡನ್ನು ಹಾಡಲಾರದೆ ಹೋದ ಹೆಂಗಸು, ಈಗ ಒಬ್ಬರೇ ಗಟ್ಟಿಯಾಗಿ ಆ ಚರಣ ಮುಗಿಸಿದರು.

"ಎಸ್ತೇರಕ್ಕಾ, ಇದೂ ದೇವರ ಸ್ತುತಿಯೇ ಅಲ್ವಾ? ಇವಳ ಅಪ್ಪನಿಗೆ ಮದುವೆಗೆ ಬರ್ಲಿಕ್ಕೆ ಬೇರೆ ದಾರಿ ಇರ್ಲಿಲ್ಲ."

ಮದುಮಗ ಮುಂದೆ ಬಂದು ಐರಿನಳ ಪಕ್ಕ ನಿಂತು ಮುಂದಿನ ಚರಣ ಎತ್ತಿಕೊಂಡ. ಸಭೆಯೂ ಸೇರಿತು. ಎಸ್ತೇರಮ್ಮ ಹಾಡಲಿಲ್ಲ, ಆದರೆ ಕೂತರು.

ಈಗ ಗೋಡೆಗೆ ಪರದೆ ಬಂದಿದೆ, ಹಾಡುಗಳು ಅದರಲ್ಲೇ ಮೂಡುತ್ತವೆ. ನಾನು ಬಣ್ಣ ಉದುರಿ ಮೇಣದಬತ್ತಿಯ ತುಂಡುಗಳ ಜೊತೆ ಕಪಾಟಿನಲ್ಲಿ ಬಿದ್ದಿದ್ದೆ. ಮೊನ್ನೆ ಸಲೋಮಿಯಮ್ಮ ತೀರಿಕೊಂಡರು. ಮಣ್ಣಿಗಿಡುವ ದಿನ ತಲೆ ನರೆತ ಐರಿನ್ ಬಂದು ನನ್ನನ್ನು ಹುಡುಕಿ ತೆಗೆದು, ಸೆರಗಿನಿಂದ ಒರೆಸಿ, ಹಳೆಯ ಹಲಗೆಗೆ ಒಂದು, ಎರಡರ ಪಕ್ಕ ತಾನೇ ತೂಗಿಸಿದಳು.

ಹೊಸ ಅಯ್ಯನವರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಐರಿನಮ್ಮ, ಅಂಕೆ ತಲೆಕೆಳಗಾಯ್ತಲ್ಲ? ನೂರ ಇಪ್ಪತ್ತಾರು ಮದುವೆ ಹಾಡು."

"ಇಲ್ಲ ಅಯ್ಯನವರೇ, ಸರಿಯಾಗೇ ಉಂಟು. ನನ್ನ ಮದುವೆಯಲ್ಲಿ ಅಮ್ಮನಿಗೆ ಇದನ್ನು ಹಾಡ್ಲಿಕ್ಕೆ ಸಿಗಲೇ ಇಲ್ಲ."

ಸಭೆ ನನ್ನ ಮುಖ ನೋಡಿ ಪುಸ್ತಕ ತೆರೆಯಿತು.