ಶುಕ್ರವಾರದ ರಾಗಿ

ತುಮಕೂರಿನ ಲ್ಯಾಬಿನಲ್ಲಿ ಕೂತಿದ್ದ ಹರ್ಷಿತಾ ಪರದೆಯ ಮೇಲಿನ ವರದಿಯನ್ನು ಮತ್ತೊಮ್ಮೆ ಓದಿದಳು. ಮಳೆ ಕೈಕೊಟ್ಟರೂ ಪೈರನ್ನು ಕಾಯುವ ಜೀನೊಂದು ರಾಗಿಯಲ್ಲಿದೆ. ಅದನ್ನು ಯಾವಾಗ ಎಬ್ಬಿಸಬೇಕೆಂದು ತೀರ್ಮಾನಿಸುವ ಸ್ವಿಚ್ಚೇ ಪ್ರೊಮೋಟರ್. ಹುತ್ರಿದುರ್ಗದ ಹಳೆಯ ನಾಟಿ ತಳಿಯಾದ ಕರಿತೆನೆ ರಾಗಿಯದ್ದೆಂದು ಅವಳು ಆ ಸ್ವಿಚ್ಚಿನ ಡಿಎನ್‌ಎ ವಿವರವನ್ನು ಜಗತ್ತಿನ ವಿಜ್ಞಾನಿಗಳು ಬಳಸುವ ಡೇಟಾಬೇಸಿಗೆ ಸೇರಿಸಿ ನಾಲ್ಕು ವರ್ಷವಾಗಿತ್ತು. ಎಷ್ಟೋ ದೇಶದವರು ಅದನ್ನೇ ನಂಬಿ ಕೆಲಸ ಮಾಡುತ್ತಿದ್ದರು. ಈಗ ಆ ಸ್ವಿಚ್ಚು ತೆಗೆದ ಕಾಳಿನ ಇಡೀ ಡಿಎನ್‌ಎ ಓದಿಸಿದರೆ, ಸೊಸೈಟಿಯಲ್ಲಿ ಮಾರುವ ಮಾಮೂಲಿ ತಳಿಯದು! ಅಯ್ಯೋ ದೇವರೇ, ಎಲ್ಲಿ ಎಡವಿದೆ?

ಹೊಸದಾಗಿ ಕಾಳು ತಂದು ಮತ್ತೆ ನೋಡಿದರಾಯಿತು ಎಂದು ಮರುದಿನವೇ ಕುಣಿಗಲ್ ಬಸ್ಸು ಹತ್ತಿದಳು. ಅಂದು ಕಾಳು ಕೊಟ್ಟಿದ್ದವಳು ಹುತ್ರಿದುರ್ಗದ ಸೋದರತ್ತೆ ಗಿರಿಯಮ್ಮ. ಆ ತಳಿ ಉಳಿದಿದ್ದದ್ದು ಅವಳೊಬ್ಬಳ ಮನೆಯಲ್ಲೇ.

ವಿಷಯ ಕೇಳಿ ಗಿರಿಯಮ್ಮ ಸೆರಗು ಹಿಸುಕಿದಳು.

"ಅವತ್ತು ಶುಕ್ರವಾರ ಕಣವ್ವ, ದೀಪ ಹಚ್ಚಿದ್ದೆ. ಬಿತ್ತನೆ ಕಾಳು ಆಚೆ ಕೊಟ್ರೆ ಲಕ್ಷ್ಮಿ ಹೊಂಟೋಗಲ್ವಾ? ತವರಿನ ಮಗಳ್ನ ಬರಿಗೈಲಿ ಕಳ್ಸಕ್ಕೂ ಮನಸ್ಸು ಬರ್ನಿಲ್ಲ. ಸೊಸೈಟಿ ಚೀಲದಿಂದ ಅಳೆದ್ಕೊಟ್ಟೆ. ಏನೋ ಪರೀಕ್ಷೆಗೆ ತಾನೇ, ಯಾವ್ದಾದ್ರೇನು ಅಂದ್ಕಂಡೆ."

ಹರ್ಷಿತಾಳಿಗೆ ಕೋಪ ಉಕ್ಕಿತು. ಆದರೆ ಯಾರ ಮೇಲೆ ತೋರಿಸುವುದು? ಶುಕ್ರವಾರ ಸಂಜೆ ಪಕ್ಕದ ಮನೆಗೆ ಹೆಪ್ಪನ್ನೂ ಕೊಡದ ಮನೆಯಲ್ಲಿ ಬೆಳೆದವಳು, ತಾನೇ ಹೋಗಿ ದೀಪ ಹಚ್ಚುವ ಹೊತ್ತಿಗೆ ಕೈಯೊಡ್ಡಿದ್ದಳು. ಓದು ತಲೆಗೇರಿದರೆ ವಾರ ಮರೆತುಹೋಗುತ್ತದೆ.

"ಹೋಗ್ಲಿ ಬಿಡತ್ತೆ. ಇವತ್ತು ಬುಧವಾರ. ಒಂದು ಹಿಡಿ ಕೊಡು, ಸಾಕು."

ಗಿರಿಯಮ್ಮ ಪಕ್ಕಕ್ಕೆ ತಿರುಗಿದಳು. ಹಿರೇಹಳ್ಳಿಯ ಫ್ಯಾಕ್ಟರಿಯಿಂದ ರಜೆಗೆ ಬಂದಿದ್ದ ಮಗ ಶಿವಮೂರ್ತಿಯೇ ಬಾಯಿಬಿಟ್ಟ.

"ಎಲ್ಲೈತಮ್ಮಿ? ಇಳುವರಿ ಕಮ್ಮಿ ಅಂತ ಬಿತ್ತೋದೇ ಬಿಟ್ವಿ. ಉಳಿದಿದ್ನೆಲ್ಲ ಮಿಲ್ಲಿಗೆ ಹಾಕ್ಸಿ ಮುದ್ದೆ ಮಾಡ್ಕಂಡು ಉಂಡ್ವಿ. ಅವ್ವ ಬ್ಯಾಡ ಬ್ಯಾಡ ಅಂತಿದ್ಲು. ನಾನೇ, 'ಬುಡವ್ವ, ಹರ್ಷಿತಾ ತಾವ ಭದ್ರವಾಗೈತೆ' ಅಂದೆ. ನೀನೇ ಹೇಳಿದ್ಯಲ್ಲ, 'ಡೇಟಾಬೇಸ್‌ಗೆ ಸೇರ್ಸಿದೀನಿ ಭಾವ, ಇನ್ನು ಈ ತಳಿ ಎಲ್ಲೂ ಹೋಗಲ್ಲ' ಅಂತ."

ಕೊಟ್ಟ ಕಾಳು ಬೇರೆಯದೆಂದು ಮಗನಿಗೆ ಹೇಳಲು ಗಿರಿಯಮ್ಮನಿಗೆ ಮಿಲ್ಲಿಗೆ ಹಾಕಿಸುವಾಗಲೂ ನಾಚಿಕೆಯಾಗಿತ್ತು. ಈಗ ಅವಳು ಕಣ್ಣೊರೆಸಿಕೊಂಡಳು.

"ನಿನ್ ಓದು ಹಾಳಾಯ್ತಾ ಮಗಾ?"

ಓದು ಹಾಳಾದರೆ ಹಾಳಾಗಲಿ ಎನ್ನಿಸಿತು ಹರ್ಷಿತಾಳಿಗೆ. ಹೋದ ರಾಗಿಯನ್ನು ಎಲ್ಲಿಂದ ತರುವುದು?

ತುಮಕೂರಿಗೆ ಹಿಂತಿರುಗಿ ಮರಳೂರಿನ ತನ್ನ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಲ್ಯಾಪ್‌ಟಾಪ್ ತೆರೆದಳು. ಡೇಟಾಬೇಸಿನಲ್ಲಿ 'ಕರಿತೆನೆ' ಎಂಬ ಹೆಸರು ಅಳಿಸಿ, ಮಾಮೂಲಿ ತಳಿಯ ಹೆಸರು ಹಾಕಿ, ತಪ್ಪು ತನ್ನದೆಂದು ಕೆಳಗೆ ಬರೆದಳು. ಆಮೇಲೆ ಮನಸ್ಸು ತಡೆಯದೆ ಕರಿತೆನೆ ರಾಗಿ ಎಂದು ಹುಡುಕಿದಳು.

ಅಂಥದ್ದೊಂದು ತಳಿಯೇ ಇಲ್ಲ ಎಂದಿತು ಡೇಟಾಬೇಸು.