ಒಂದು ತುಂಡು ನೆಲದ ಪದಮ್ ಭಗ್ತಿ

ಕಂಡ ವಸ್ತುವನ್ನು ಕಂಡ ಕ್ಷಣವೇ ದರ್ಜೆಗೆ ಹಾಕುವುದು ನನ್ನ ಕಸುಬಿನ ಕೆಟ್ಟ ಚಾಳಿ. ಮದುವೆಮನೆಯಲ್ಲಿ ಮದುಮಗಳನ್ನೂ, ಗುಡಿಯಂಗಳದಲ್ಲಿ ದೇವರ ಪಲ್ಲಕ್ಕಿ ಹೊತ್ತವರನ್ನೂ ನನ್ನ ಕಣ್ಣು ನನ್ನ ಅಪ್ಪಣೆ ಕೇಳದೆಯೇ ಪೆಟ್ಟಿಗೆಗೆ ತುಂಬಿಬಿಡುತ್ತದೆ. ಪದಮ್ ಭಗ್ತಿಯನ್ನು ಮೊದಲ ಸಲ ಕಂಡಾಗ ಅದು ಅವಳನ್ನು ‘ಪಿತ್ತು’ವಿನ ರಾಶಿಗೆ ಎಸೆಯಿತು. ಪಿತ್ತು ಎಂದರೆ ನಮ್ಮ ಸೇಬಿನ ಮಂಡಿಯಲ್ಲಿ ಎಲ್ಲ ಅಳತೆಗಳಿಂದಲೂ ಜಾರಿ ಕಟ್ಟಕಡೆಗೆ ಉಳಿಯುವ ಸಣ್ಣ ಹಣ್ಣು. ಬಣ್ಣವಿದ್ದರೂ ಗಾತ್ರವಿಲ್ಲ, ಗಾತ್ರವಿಲ್ಲದ್ದರಿಂದ ಗಿರಾಕಿಯಿಲ್ಲ. ನನ್ನ ಭುಜಕ್ಕೂ ಬಾರದ ಎತ್ತರ, ಹಿಮ ಬಿಸಿಲು ಎರಡೂ ಸುಟ್ಟ ಕೆನ್ನೆ, ಗರಗಸ ಎಳೆದೆಳೆದು ಒಂದು ಕಡೆ ಇಳಿದ ಹೆಗಲು. ಮೈಮೇಲೆ ಅವಳ ತಮ್ಮ ಬಿಸಾಡಿದ ಸಿಪಾಯಿ ಕೋಟು, ಅದರ ಹಿತ್ತಾಳೆ ಗುಂಡಿಗಳೆಲ್ಲ ಉದುರಿ ಪೆಟ್ಟಿಗೆ ಕಟ್ಟುವ ತಂತಿಯಿಂದ ಬಿಗಿದದ್ದು. ತಲೆಯ ಮೇಲೆ ಹಸಿರು ಪಟ್ಟಿಯ ಉಣ್ಣೆ ಟೋಪಿ. ಸರಕು ಹಳೆಯದು, ಕಟ್ಟು ಸಡಿಲ, ದೂರದ ಸಾಗಣೆಗೆ ಒದಗದು ಎಂದು ನಾನು ಮನಸ್ಸಿನಲ್ಲೇ ಷರಾ ಬರೆಯುತ್ತಿರುವಾಗ ಆ ಸರಕು ಬಾಯಿ ತೆರೆಯಿತು.

“ಏನ್ ಲಾಲಾ, ಅಳತೆ ಮುಗೀತಾ? ಇಲ್ಲಾ ಹಲ್ಲೂ ನೋಡ್ತೀಯಾ?”

ಅವಳು ನೆಲ ನೋಡಿ ನಡೆದವಳಲ್ಲ. ಕತ್ತನ್ನು ಹಿಂದಕ್ಕೆ ಬಾಗಿಸಿ, ಬಾಯಿ ಅರೆತೆರೆದು, ದಾರಿಯ ಮೇಲೆ ಚಾಚಿದ ಕೊಂಬೆಗಳನ್ನೇ ಓದುತ್ತ ನಡೆಯುವುದರಿಂದ ಕಲ್ಲಿಗೆ ಎಡವುವುದು, ಎದುರು ಬರುವ ಹೇಸರಗತ್ತೆಗೆ ಢಿಕ್ಕಿ ಹೊಡೆಯುವುದು ಅವಳ ನಿತ್ಯವಿಧಿ. ಎಡವಿದಾಗಲೆಲ್ಲ ಬೈಗುಳ ಕಲ್ಲಿಗೆ. ಏನನ್ನಾದರೂ ತೋರಿಸಿ ಆಡಿದ ಪ್ರತಿ ಮಾತಿನ ಬಾಲಕ್ಕೂ “ಕಂಡ್ತಾ?” ಎಂಬ ಪ್ರಶ್ನೆಯೊಂದು ನೇತಾಡುತ್ತಿರಬೇಕು. ಕಣ್ಣು ಹೋದ ಮುದಿ ಪೂಜಾರಿಯನ್ನೂ ಹಾಗೆಯೇ ಕೇಳಿದಳೆಂದು ಊರು ಈಗಲೂ ನಗುತ್ತದೆ. ಮನುಷ್ಯರ ವಿಷಯದಲ್ಲಿ ಅವಳಿಗೆ ಹೆಚ್ಚಿನ ಆಸಕ್ತಿಯಿರಲಿಲ್ಲ. ಇದ್ದಷ್ಟೂ ಮರದ ಭಾಷೆಯಲ್ಲೇ. ನನ್ನ ಹೊಟ್ಟೆ ಬೆಳೆದಾಗ “ಹಣ್ಣು ಕೊಡದ ಕೊಂಬೆ, ಇಳಿಸು” ಎಂದಳು. ನನ್ನ ಹೆಂಡತಿ ಅದನ್ನು ಇಂದಿಗೂ ಆಗಾಗ ನೆನಪಿಸುತ್ತಾಳೆ.

ನಮ್ಮ ಕಣಿವೆಯ ಕಟ್ಟಳೆಯಲ್ಲಿ ಹೆಣ್ಣುಮಗಳಿಗೆ ತಂದೆಯ ಭೂಮಿಯಲ್ಲಿ ಪಾಲಿಲ್ಲ. ಮದುವೆಯಾಗಿ ಹೋದವಳು ಹೋದಳು. ಆಗದೆ ಉಳಿದವಳಿಗೆ ತವರಿನಲ್ಲೊಂದು ಕೋಣೆ, ಬದುಕಿರುವ ತನಕ ಉಂಡುತಿನ್ನಲು ಒಂದು ತುಂಡು ನೆಲ. ಪದಮ್ ಭಗ್ತಿ ಏಕೆ ಮದುವೆಯಾಗಲಿಲ್ಲವೆಂಬುದಕ್ಕೆ ಊರಿನಲ್ಲಿ ತಲೆಗೊಂದು ಕಥೆಯಿದೆ. ಅವಳ ಉತ್ತರ ಮಾತ್ರ ಒಂದೇ. “ಬಂದವರೆಲ್ಲ ನನ್ನ ನೋಡಿದ್ರು. ನಾನೂ ಅವರನ್ನ ನೋಡ್ಬಿಟ್ಟೆ. ಅಲ್ಲೇ ಕೆಟ್ಟಿದ್ದು.” ತಂದೆ ತೀರಿಕೊಂಡ ಮೇಲೆ ತಮ್ಮ ರೂಪ್‌ಸುಖ್ ನೇಗಿ ಅಕ್ಕನ ಪಾಲಿಗೆಂದು ಬಿಟ್ಟುಕೊಟ್ಟದ್ದು ಹಳ್ಳದಾಚೆಯ ಮುದಿ ಸೇಬಿನ ತೋಟ. ತಂದೆ ಹೇಸರಗತ್ತೆಗಳ ಮೇಲೆ ಸಸಿ ಹೇರಿಸಿ ತಂದು ನೆಟ್ಟ ಮರಗಳು. ಮಗ ರಸ್ತೆ ಗುತ್ತಿಗೆಯ ಬೆನ್ನುಹತ್ತಿದ ಮೇಲೆ ಗರಗಸ ಕಾಣದೆ, ಕೊಂಬೆಯ ಮೇಲೆ ಕೊಂಬೆ ಹೆಣೆದುಕೊಂಡು, ಒಳಗೆ ಗುಬ್ಬಿಯೂ ನುಗ್ಗಲಾರದಷ್ಟು ದಟ್ಟವಾಗಿ, ತೊಗಟೆಗೆ ಬೂದು ಕಲ್ಲುಹೂವು ಹತ್ತಿ, ವರ್ಷಕ್ಕೊಮ್ಮೆ ತುದಿಯಲ್ಲೆಲ್ಲೋ ಗೋಲಿಗಾತ್ರದ ನಾಲ್ಕು ಹುಳಿಹಣ್ಣು ಬಿಟ್ಟು ಕೈತೊಳೆದುಕೊಳ್ಳುತ್ತಿದ್ದ ಮರಗಳು. ಕೊಟ್ಟಂತೆಯೂ ಆಗಬೇಕು, ಏನೂ ಹೋಗಲೂಬಾರದು ಎಂಬ ದಾನ.

ಅವಳ ಹಟವೊಂದಿತ್ತು. ಮರದ ಬುಡದಲ್ಲಿ ಕೂತು, ಕೋಟಿನ ಜೇಬಿನಿಂದ ಒಂದು ಹಿಡಿ ಚಿಲ್ಗೋಜಾ ಎಂಬ ಪೈನ್ ಮರದ ಬೀಜ ತೆಗೆದು, ಒಂದೊಂದನ್ನೇ ಹಲ್ಲಿನಲ್ಲಿ ಸಿಪ್ಪೆ ಬಿಡಿಸಿ ತಿಂದು ಮುಗಿಯುವ ತನಕ ಗರಗಸವನ್ನು ಮುಟ್ಟುತ್ತಿರಲಿಲ್ಲ. ಹಿಮ ಬೀಳುತ್ತಿರಲಿ, ಆಳುಗಳು ಕಾಯುತ್ತಿರಲಿ. ಒಮ್ಮೆ ನನ್ನನ್ನೂ ಹಾಗೆ ಕೂರಿಸಿದಳು.

“ಬೆಳಕು ಎಲ್ಲಿಂದ ಒಳಗ್ ಬರತ್ತೆ ನೋಡು. ಎಲ್ಲಿಗ್ ಬಂದು ನಿಲ್ಲತ್ತೆ ನೋಡು. ನಿಂತ ಜಾಗದಲ್ಲಿ ಕಳ್ಳ ಕೂತಿರ್ತಾನೆ. ಕಂಡ್ತಾ?”

“ಇಲ್ಲ ದೀದಿ.”

“ತಿನ್ನು ಇನ್ನೊಂದು ಬೀಜ.”

ಹಿಡಿ ಬೀಜ ಮುಗಿಯುವ ಹೊತ್ತಿಗೆ ಕಂಡಿತು: ನಡುಮರಕ್ಕೆ ಅಡ್ಡಲಾಗಿ ಬೆಳೆದು, ತಾನೂ ಫಲಿಸದೆ ಕೆಳಗಿನವರನ್ನೂ ಫಲಿಸಗೊಡದೆ ಬಿಸಿಲನ್ನೆಲ್ಲ ಕುಡಿಯುತ್ತಿದ್ದ ಒಂದು ಕೊಬ್ಬಿದ ಕೊಂಬೆ. ಅದಕ್ಕೆ ಮೊದಲು ಅಡಿಯಿಂದ ಒಂದು ಗಾಯ, ಆಮೇಲೆ ಮೇಲಿನಿಂದ ಕೊಯ್ತ. ಇಲ್ಲದಿದ್ದರೆ ಬೀಳುವ ಭಾರಕ್ಕೆ ಕಾಂಡದ ತೊಗಟೆಯೇ ಸುಲಿದು ಬರುತ್ತದೆ. ಕೊಯ್ದ ಬಾಯಿಗೆ ಸಗಣಿ, ಕೆಂಪು ಜೇಡಿಯ ಲೇಪ, ಅದೂ ಬರಿಗೈಯಿಂದ. ಮೊದಲ ಚಳಿಗಾಲಕ್ಕೆ ಸತ್ತದ್ದು, ಕೊಳೆತದ್ದು ತೆಗೆಯುವುದು. ಎರಡನೆಯದಕ್ಕೆ ನಡುವನ್ನು ಬಿಚ್ಚಿ ಬೆಳಕಿಗೆ ಬಾಗಿಲು. ಮೂರನೆಯದಕ್ಕೆ ಎತ್ತರ ಇಳಿಸುವುದು. ಎಲ್ಲವನ್ನೂ ಒಂದೇ ಚಳಿಗಾಲದಲ್ಲಿ ಮುಗಿಸಹೋದರೆ ಮುದಿಮರ ಗಾಬರಿಬಿದ್ದು ಮೈತುಂಬ ಬರಡು ಚಿಗುರನ್ನು ಆಕಾಶಕ್ಕೆ ಎಸೆಯುತ್ತದೆ, ಹಣ್ಣಿನ ಮಾತು ಮರೆತುಬಿಡುತ್ತದೆ. ಇಷ್ಟೆಲ್ಲ ಬಲ್ಲವಳು ತಪ್ಪೇ ಮಾಡದವಳೆಂದಲ್ಲ. ಗುಡಿಯ ಹಿಂದಿದ್ದ ಚಿನ್ನದ ಬಣ್ಣದ ಸೇಬಿನ ಮರದ ಹೆಗ್ಗೊಂಬೆಯನ್ನು ಎಲ್ಲರೂ ಬೇಡವೆಂದರೂ ಕೇಳದೆ ಇಳಿಸಿದಳು. ಮಳೆಗಾಲಕ್ಕೆ ಮುಂಚೆಯೇ ಮರ ಒಣಗಿತು. “ಅದಕ್ಕೇ ಬದುಕೋ ಮನಸ್ಸಿರ್ಲಿಲ್ಲ” ಎಂದು ದೋಷವನ್ನು ಮರದ ಮೇಲೇ ಹೊರಿಸಿದಳು. ಆದರೆ ಆ ಮೋಟು ಕಾಣುವ ದಾರಿ ಬಿಟ್ಟು ಅಂದಿನಿಂದ ಬಳಸುದಾರಿಯಲ್ಲಿ ಗುಡಿಗೆ ಹೋಗುತ್ತಾಳೆ.

ಹಳ್ಳದಾಚೆಯ ಮರಗಳು ಎದ್ದುನಿಂತು, ಕಣಿವೆಯಲ್ಲೇ ಮೊದಲ ದರ್ಜೆಯ ಕೆಂಪು ಹಣ್ಣನ್ನು ಹೊರಲಾರದೆ ಹೊತ್ತ ವರ್ಷ, ರೂಪ್‌ಸುಖ್ ಗುಡಿಯಂಗಳದಲ್ಲಿ ಹಿರಿಯರ ಮುಂದೆ ಕೈಮುಗಿದು ನಿಂತ. ನಯವಾದ ಮನುಷ್ಯ, ಬೈಯುವಾಗಲೂ ಟೋಪಿ ತೆಗೆದು ಬೈಯುವ ಜಾತಿ.

“ಒಂದು ತುಂಡು ಕೊಡ್ಬೇಕು ಅಂತ ಕಟ್ಟಳೆ. ಕೊಡಲ್ಲ ಅಂದೆನಾ? ಯಾವ ತುಂಡು ಅಂತ ಕಟ್ಟಳೆ ಎಲ್ಲಿ ಹೇಳತ್ತೆ, ನೀವೇ ಹೇಳಿ ದಾದಾ.”

ಹಿರಿಯರು ನೆನಪಿನ ಮೂಲೆಮೂಲೆಯನ್ನೂ ತಡಕಿದರು. ಕಟ್ಟಳೆ ಎಲ್ಲಿಯೂ ಹೇಳಿರಲಿಲ್ಲ. ಹಳ್ಳದಾಚೆಯದು ತಮ್ಮನಿಗೆ ಮರಳಿತು; ಅಕ್ಕನಿಗೆ ಬಂಡೆಯ ನೆರಳಲ್ಲಿ ಬಿಸಿಲು ಕಾಣದೆ ಬಿದ್ದಿದ್ದ ಇನ್ನೊಂದು ಪಾಳುತೋಟ. ಅವಳು ಅದನ್ನೂ ಬದುಕಿಸಿದಳು. ಅದೂ ಅದೇ ಅಂಗಳದಲ್ಲಿ, ಅದೇ ನಯದಲ್ಲಿ ಕೈಬದಲಾಯಿತು. ವ್ಯಾಪಾರಿಯಾಗಿ ಹೇಳುತ್ತೇನೆ, ಇದಕ್ಕಿಂತ ಲಾಭದ ವ್ಯವಹಾರವನ್ನು ನಾನು ಕಂಡಿಲ್ಲ. ಸತ್ತ ಸರಕನ್ನು ಕೊಟ್ಟು ಜೀವಂತ ಸರಕನ್ನು ಪಡೆಯುವುದು, ಅದೂ ಧರ್ಮ ಮಾಡಿದ ಹೆಸರಿನಲ್ಲಿ.

ಮೂರನೆಯ ತೋಟ ಬಸ್ಸು ತಿರುಗುವ ರಸ್ತೆಯ ಅಂಚಿನದು, ಟೀ ಅಂಗಡಿಯ ಎದುರಿಗೇ. ಅಲ್ಲಿ ವರ್ಷಗಳುರುಳಿದರೂ ಏನೂ ಬದಲಾಗಲಿಲ್ಲ. ರಸ್ತೆಯಿಂದ ನೋಡಿದರೆ ಒಣಗಿದ ಕೈಗಳನ್ನು ಚಾಚಿ ಸಾಲಾಗಿ ನಿಂತ ಅಸ್ಥಿಪಂಜರಗಳು. ಪದಮ್ ಭಗ್ತಿಗೆ ವಯಸ್ಸಾಯಿತು, ಕೈಸೋತಿತು ಎಂದು ಊರು ಮರುಗಿತು. ರೂಪ್‌ಸುಖ್ ಆ ತೋಟದ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಹಾಗೆಯೇ ನಂಬಿದ್ದೆ, ಒಂದು ಬೇಸಿಗೆ ಮೇಲಿನ ಕಾಡುದಾರಿಯಿಂದ ಇಳಿದು ಬರುವಾಗ ಅದೇ ತೋಟವನ್ನು ಬೆಟ್ಟದ ಕಡೆಯಿಂದ ಕಾಣುವ ತನಕ. ರಸ್ತೆಗೆ ಮುಖಮಾಡಿದ ಅರ್ಧ ಮರ ಸತ್ತಿತ್ತು. ಬೆಟ್ಟಕ್ಕೆ ಮುಖಮಾಡಿದ ಅರ್ಧದಲ್ಲಿ ಒಂದೊಂದು ಕೊಂಬೆಯೂ ತೆರೆದ ಅಂಗೈಯಂತೆ ಬಿಚ್ಚಿಕೊಂಡು ಕಾಯಿ ತುಂಬಿಕೊಂಡಿತ್ತು. ಒಣಕೊಂಬೆಗಳನ್ನೆಲ್ಲ ಅವಳು ರಸ್ತೆಯ ಕಡೆಗೆ ಬೇಕೆಂದೇ ಉಳಿಸಿಕೊಂಡಿದ್ದಳು, ಮುರುಕು ಬಾಗಿಲನ್ನು ಮುಂದಿಟ್ಟುಕೊಂಡು ಹಿಂದೆ ಮನೆ ಕಟ್ಟಿದ ಹಾಗೆ. ಬುಡದಲ್ಲಿ ಕೋಟು ಹಾಸಿ ಕೂತಿದ್ದವಳು ನನ್ನನ್ನು ಕಂಡು ಬೆಚ್ಚಲಿಲ್ಲ.

“ಇಲ್ಲಿಂದ ಏನ್ ಕಂಡ್ತು, ಲಾಲಾ?”

“ಮಂಡಿ ತುಂಬೋ ಸರಕು.”

“ರಸ್ತೆಯಿಂದ?”

“ಸೌದೆ.”

“ಹಾಂ. ಯಾರಾದ್ರೂ ಕೇಳಿದ್ರೆ ಸೌದೆ ವ್ಯಾಪಾರಕ್ಕೆ ಬಂದಿದ್ದೆ ಅನ್ನು.”

ಅಂದಿನಿಂದ ಆ ಹಣ್ಣು ಬೆನ್ನುಬುಟ್ಟಿಗಳಲ್ಲಿ ಕಾಡುದಾರಿ ಹತ್ತಿ ನನ್ನ ಮಂಡಿಗೆ ಬರತೊಡಗಿತು. ನಾನು ಬಾಯಿಬಿಡಲಿಲ್ಲ. ಅದನ್ನು ನನ್ನ ಸಜ್ಜನಿಕೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಹಣ್ಣು ಅಷ್ಟು ಚೆನ್ನಾಗಿತ್ತು. ಹೊಸ ಒಲೆ ತಂದಳು, ಕೋಣೆಗೆ ಗಾಜಿನ ಕಿಟಕಿ ಇಡಿಸಿದಳು, ತಮ್ಮನ ಮನೆಯಿಂದ ಹಿಟ್ಟು ತರುವುದನ್ನು ನಿಲ್ಲಿಸಿದಳು. “ಇದರಲ್ಲೇ ಸಾಯ್ತೀನಿ, ಇದನ್ನ ಬಿಡಲ್ಲ” ಎಂದು ಒಮ್ಮೆ ಹೇಳಿದ್ದಳು. ಆ ಮಾತಿನ ಕೊನೆಗೆ ಮಾತ್ರ ‘ಕಂಡ್ತಾ’ ಇರಲಿಲ್ಲ.

ಆದರೆ ಒಣಕೊಂಬೆ ಸುಮ್ಮನೆ ಒಣಗಿ ನಿಲ್ಲುವ ವಸ್ತುವಲ್ಲ. ಅದರ ಕೊಳೆ ಮೆಲ್ಲಗೆ ಕಾಂಡಕ್ಕೆ ಇಳಿಯುತ್ತದೆ. ಪ್ರತಿ ಚಳಿಗಾಲವೂ ಅವಳು ಆ ಕೊಂಬೆಗಳ ಬುಡವನ್ನು ಉಗುರಿನಿಂದ ಕೆರೆದು ನೋಡಿ, ಹಸಿರು ಎಲ್ಲಿಗೆ ಬಂದು ನಿಂತಿದೆಯೆಂದು ಅಳೆದು ಹಿಂದಿರುಗುತ್ತಿದ್ದಳು. ಕೈ ಗರಗಸದ ಮೇಲೆಯೇ ಇರುತ್ತಿತ್ತು.

ಅಂಥದೊಂದು ಚಳಿಗಾಲದಲ್ಲಿ, ಹಿಮ ನಿಂತು ಬಿಸಿಲು ಬಿದ್ದ ದಿನ, ನಾವು ನಾಲ್ಕಾರು ಜನ ಟೀ ಅಂಗಡಿಯ ಬೆಂಚಿನ ಮೇಲೆ ಉಪ್ಪುಚಹಾ ಕುಡಿಯುತ್ತಿದ್ದೆವು. ಪದಮ್ ಭಗ್ತಿ ಮೂಲೆಯಲ್ಲಿದ್ದಳು. ರೂಪ್‌ಸುಖ್ ಬಂದು, ಎದುರಿನ ತೋಟವನ್ನು ಬಹಳ ಹೊತ್ತು ನೋಡಿ, ಯಾರನ್ನೂ ಉದ್ದೇಶಿಸದೆ ಮಾತು ತೆಗೆದ.

“ಪಾಪ, ನಮ್ಮ ದೀದಿ ಕೈ ಹೋಗ್ಬಿಡ್ತು. ಒಂದು ಕಾಲಕ್ಕೆ ಅವಳು ಮುಟ್ಟಿದ್ರೆ ಬೇಲಿಗೂಟ ಚಿಗುರ್ತಿತ್ತು. ಈಗ ಬಸ್ಸಲ್ಲಿ ಬರೋರು ಕೇಳ್ತಾರೆ, ಇದು ಯಾರ ತೋಟ, ಅವರು ಸತ್ತು ಎಷ್ಟ್ ವರ್ಷ ಆಯ್ತು ಅಂತ.”

ಬೆಂಚು ನಕ್ಕಿತು.

“ನಾಳೆ ರಸ್ತೆ ಕೆಲಸದ ಆಳುಗಳನ್ನೇ ಕಳಿಸ್ತೀನಿ. ಕೊಡ್ಲಿ ಇದೆ ಅವರ ಹತ್ರ. ಅವರು ಕಡಿದ್ರೂ ಇದಕ್ಕಿಂತ ಮೇಲೇ ಆಗತ್ತೆ.”

ಪದಮ್ ಭಗ್ತಿ ಲೋಟವನ್ನು ಕೆಳಗಿಟ್ಟಳು. ಸರಕನ್ನು ಹಳಿದು ಹಳಿದು ಮಾರುವವನ ಬಾಯಿಬಿಡಿಸುವ ವಿದ್ಯೆಯಲ್ಲಿ ನನ್ನ ಆಯುಷ್ಯವೆಲ್ಲ ಕಳೆದಿದೆ. ಆ ರಾಗ ನನಗೆ ಮೊದಲ ಸ್ವರಕ್ಕೇ ತಿಳಿಯಿತು. ಅವಳ ಪಕ್ಕಕ್ಕೆ ಸರಿದು ಪಿಸುಗುಟ್ಟಿದೆ.

“ಕೂತ್ಕೊ ದೀದಿ. ಅವನಿಗೆ ಬೇಡದ್ದಾಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ. ನಿನ್ನ ಗಾಜಿನ ಕಿಟಕಿ ಕಂಡಿದೆ ಅವನಿಗೆ. ದರ ಇಳಿಸ್ತಿದಾನೆ, ಅಷ್ಟೆ.”

“ನಿನ್ನ ಕಣ್ಣಿಗೆ ಎಲ್ಲರೂ ದಲ್ಲಾಳಿಗಳೇ.”

“ಅವನು ದಲ್ಲಾಳಿಗಳ ಅಪ್ಪ.”

“ಕೊಳೆ ಕಾಂಡಕ್ಕೆ ಇಳೀತಿದೆ, ಲಾಲಾ. ಹೆಂಗಿದ್ರೂ ಕಡೀಲೇಬೇಕು.”

“ಹೋದ ವರ್ಷವೂ ಇಳೀತಿತ್ತು. ಆಗ ಕಡೀಲಿಲ್ಲ ನೀನು.”

ಅವಳು ಎದ್ದಳು. ಕೋಟಿನ ತಂತಿಯನ್ನು ಬಿಗಿದುಕೊಂಡು ರಸ್ತೆ ದಾಟಿದಳು. ಅಂದು ಮೊದಲ ಬಾರಿಗೆ ಬೀಜ ತಿನ್ನಲೂ ಕೂರಲಿಲ್ಲ.

ಆ ಚಳಿಗಾಲ ಅವಳು ಮಾಡಿದಂಥ ಕೆಲಸವನ್ನು ನಾನು ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಊರೇ ಬಂದು ಬೆಂಚಿನ ಮೇಲೆ ಕೂತಿತು. ಸತ್ತ ಕೊಂಬೆಗಳು ಒಂದೊಂದಾಗಿ, ತೊಗಟೆಯ ಒಂದು ಎಳೆಯೂ ಹರಿಯದೆ, ಹಿಮದ ಮೇಲೆ ಮೆತ್ತಗೆ ಇಳಿದವು. ಮರದ ನೆತ್ತಿಯಲ್ಲಿ ನಿಂತು ಅವಳು ಕೆಳಗಿದ್ದವರಿಗೆ ಕೂಗುತ್ತಿದ್ದಳು: “ಯಾರ ಕೈ ಹೋಗಿದ್ದು? ಕಂಡ್ತಾ? ಕಂಡ್ತಾ?” ಎಲ್ಲರಿಗೂ ಕಂಡಿತು. ಹಿಂದೆ ಅಡಗಿದ್ದ ಇನ್ನರ್ಧವೂ ಕಂಡಿತು. ವಸಂತಕ್ಕೆ ರಸ್ತೆಯಂಚೆಲ್ಲ ಬಿಳಿ, ನಸುಗೆಂಪು ಸೇಬಿನ ಹೂ ಮುಚ್ಚಿ, ಬಸ್ಸಿನ ಚಾಲಕರೂ ವೇಗ ತಗ್ಗಿಸಿ ನೋಡುವಂತಾದಾಗ, ರೂಪ್‌ಸುಖ್ ಟೋಪಿ ತೆಗೆದು ತೋಟದ ಮುಂದೆ ದೇವರೆದುರಿಗೆ ನಿಂತವನಂತೆ ನಿಂತಿದ್ದ.

ಗುಡಿಯಂಗಳದಲ್ಲಿ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಹಿರಿಯರಿಗೆ ದಾರಿ ಗೊತ್ತಿತ್ತು. ಪದಮ್ ಭಗ್ತಿ ಈ ಸಲ ಕೂಗಾಡಿದಳು, ತಮ್ಮನಿಗೆ ಒಳಕಾಂಡವೇ ಟೊಳ್ಳೆಂದಳು, ಹಿರಿಯರನ್ನು ಮುದಿ ಪೊದೆಗಳೆಂದಳು. ಅವರು ತಲೆತಗ್ಗಿಸಿ ಕೇಳಿಸಿಕೊಂಡರು, ಮಳೆ ನಿಲ್ಲುವ ತನಕ ಸೂರಿನಡಿ ಕಾಯುವವರ ಹಾಗೆ. ನಿಂತ ಮೇಲೆ ಒಬ್ಬರು ಹೇಳಿದರು, “ಹೋಗ್ಲಿ ಬಿಡಮ್ಮ, ನಿನ್ನ ಕೈಯಲ್ಲಿ ವಿದ್ಯೆ ಇದೆ. ಇನ್ನೊಂದ್ ಮಾಡ್ಕೋತೀಯ.” ರೂಪ್‌ಸುಖ್ ಬೆಟ್ಟದ ಮೇಲೆ, ಬಂಡೆಗಳುರುಳುವ ಇಳಿಜಾರಿನತ್ತ ಕೈತೋರಿಸಿದ.

“ಅಲ್ಲಿ ಮರ ಉಳಿದಿವೆಯಾ?” ಎಂದು ಅವಳು ಕೇಳಿದಳು. ಜಗಳವಾಡುತ್ತಿದ್ದ ಧ್ವನಿಯಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದ ಧ್ವನಿ. ಅದನ್ನು ಕೇಳಿದಾಗಲೇ ನನಗೆ ಅವಳು ಪೂರ್ತಿ ಸೋತಳೆಂದು ತಿಳಿಯಿತು.

ಈಗ ಅವಳು ಮರ ಹತ್ತಲಾರಳು. ಉದ್ದ ಕೋಲಿನ ತುದಿಗೆ ಗರಗಸ ಕಟ್ಟಿಕೊಂಡು, ಆ ಇಳಿಜಾರಿನಲ್ಲಿ ಬಂಡೆಯೇಟು ತಿಂದ ಮರಗಳ ಕೆಳಗೆ ನಿಂತು ಕೊಯ್ಯುತ್ತಾಳೆ. ಬಿಟ್ಟುಬಿಡು, ಹಾಗೇ ಇರಲಿ, ಕೊನೆಗಾಲಕ್ಕಾದರೂ ನಿನ್ನದಾಗಿ ಉಳಿಯುತ್ತದೆ ಎಂದೆ. “ಹಾಳಾಗಿರೋದನ್ನ ಇಟ್ಕೊಂಡು ಏನ್ ಮಾಡ್ಲಿ?” ಎಂದಳು.

ಇಂಥವರಿಗೆ ಕೆಟ್ಟದ್ದನ್ನು ಕಂಡು ಸುಮ್ಮನಿರುವ ಶಕ್ತಿಯನ್ನು ದೇವರು ಕೊಟ್ಟಿರುವುದಿಲ್ಲ. ಆ ಶಕ್ತಿ ಹೇರಳವಾಗಿರುವ ಉಳಿದವರೆಲ್ಲ ಅವರ ಆಸುಪಾಸಿನಲ್ಲಿ ಸುಖವಾಗಿ ಬಾಳುತ್ತೇವೆ. ಅವರನ್ನು ಸುಲಿಯಲು ಬಲವೂ ಬೇಡ, ದೊಡ್ಡ ಕುಯುಕ್ತಿಯೂ ಬೇಡ. ಹಾಳಾದದ್ದೊಂದನ್ನು ಕಣ್ಣೆದುರಿಗಿಟ್ಟು, ನಿನ್ನಿಂದಾಗದು ಎಂದರೆ ಸಾಕು. ಸರಿಮಾಡಿ ಅವರೇ ನಮ್ಮ ಕೈಗೆ ತಲುಪಿಸುತ್ತಾರೆ. ಅವರ ವಿದ್ಯೆಯನ್ನು ಹೊಗಳಲು ಯಾರೂ ಜಿಪುಣರಲ್ಲ. ಹೊಗಳಿಕೆಯ ಜೊತೆಗೆ ಮುಂದಿನ ಪಾಳುನೆಲದತ್ತಲೂ ಕೈತೋರಿಸುತ್ತಾರೆ.

ದಿಲ್ಲಿಯಲ್ಲಿ ನನ್ನ ಮಂಡಿಗೆ ಹೆಸರು ಬಂದದ್ದು ಪದಮ್ ಭಗ್ತಿ ಬದುಕಿಸಿದ ಮರಗಳ ಹಣ್ಣಿನಿಂದ. ಹಣ್ಣಿಗೆ ಬೆಲೆ ಕಟ್ಟುವ ಮೊದಲು ಮರವನ್ನು ನೋಡಬೇಕೆಂದು ಕಲಿತದ್ದೂ ಅವಳಿಂದಲೇ. ಈ ಎರಡೂ ಋಣ ನನ್ನ ಮೇಲಿವೆ; ತೀರಿಸಿಲ್ಲ.